ಒಂದೇ ಈಳಿಗೆಮಣೆ

ಎರಡು ಸಾವಿರದ ಮೂರರ ಬೇಸಿಗೆಯ ಒಂದು ಬೆಳಿಗ್ಗೆ, ನಾನು ಕೆಲಸ ಮಾಡುತ್ತಿದ್ದ ಜಯನಗರದ ಲ್ಯಾಬ್‌ನಲ್ಲಿ, ಕಿಟಕಿ ಪಕ್ಕದ ಮೇಜಿನ ಮುಂದೆ ನಿಂತಿದ್ದೆ. ಎದುರಿಗೆ ಎರಡು ಗಾಜಿನ ತಟ್ಟೆಗಳಿದ್ದವು. ಒಂದರಲ್ಲಿ ಬಿಟಿಎಂ ಬಡಾವಣೆಯ ನಮ್ಮ ಮನೆ ಓನರ್ ಆಂಟಿಯ ಮೂತ್ರದಿಂದ ಬೆಳೆಸಿದ ರೋಗಾಣು, ಇನ್ನೊಂದರಲ್ಲಿ ಅವರ ಹಿತ್ತಲ ಕೋಳಿಗಳ ಹಿಕ್ಕೆಯದು. ಮೂತ್ರದ ಸೋಂಕಿಗೆ ನುಂಗಿದ ಮಾತ್ರೆ ನಾಟದೆ, ಜ್ವರ ಏರಿ ಆಂಟಿ ಆಸ್ಪತ್ರೆ ಸೇರಿದ್ದರು.

ಕೋಳಿ ತೂಕಡಿಸಿದರೆ ಅದೇ ಮಾತ್ರೆಯನ್ನು ಪುಡಿ ಮಾಡಿ ನೀರಿಗೆ ಬೆರೆಸುವುದು ಅವರ ರೂಢಿ. ಕೋಳಿ ಹೆಚ್ಚಿದ ಈಳಿಗೆಮಣೆಯನ್ನು ಒರೆಸಿ, ಅದರಲ್ಲೇ ಕೋಸಂಬರಿಗೆ ಸೌತೆಕಾಯಿ ಹೆಚ್ಚುವುದನ್ನೂ ಕಂಡಿದ್ದೆ; ಅದಕ್ಕೇ ಹಿಕ್ಕೆಯನ್ನೂ ತಂದು ಪರೀಕ್ಷೆಗೆ ಇಟ್ಟಿದ್ದೆ.

ಎರಡೂ ತಟ್ಟೆಗಳಲ್ಲಿ, ಆ ಔಷಧಿಯಲ್ಲಿ ಅದ್ದಿದ ಕಾಗದದ ಬಿಲ್ಲೆಗೆ ತಾಗುವವರೆಗೂ ರೋಗಾಣು ಬೆಳೆದಿತ್ತು. ಆ ಔಷಧಿಗೆ ಎರಡೂ ಜಗ್ಗಿರಲಿಲ್ಲ.

“ಕೋಳಿ ಹೊಟ್ಟೇಲೇ ಇವು ಔಷಧಿ ತಡ್ಕೊಳ್ಳೋದು ಕಲಿತಿರ್ಬೇಕು ಕಣಯ್ಯ. ಕಲಿತಿದ್ದನ್ನ ಪಕ್ಕದ ರೋಗಾಣುಗೂ ಹಂಚ್ತವೆ,” ಎಂದರು ಲ್ಯಾಬಿನ ಡಾಕ್ಟರು.

ಇನ್ನೊಂದು ಔಷಧಿಯ ಬಿಲ್ಲೆಯ ಸುತ್ತ ಮಾತ್ರ ಏನೂ ಬೆಳೆದಿರಲಿಲ್ಲ. ಅದರ ಇಂಜೆಕ್ಷನ್ ಆಂಟಿಯನ್ನು ಉಳಿಸಿತು.

ವಾಸಿಯಾಗಿ ಬಂದ ಆಂಟಿಗೆ, ನಾನು ತೆಗೆದಿಟ್ಟಿದ್ದ ತಟ್ಟೆಗಳನ್ನು ತೋರಿಸಿ, ರೋಗಾಣು ಈಳಿಗೆಮಣೆಯಿಂದ ಕೋಸಂಬರಿಗೆ ದಾಟಿರಬಹುದು ಎಂದೆ. “ಕೋಳಿಗೆ ಕೊಟ್ಟಿದ್ದು ಇವಕ್ಕೆ ಟಾನಿಕ್ ಆಯ್ತೇನಪ್ಪ?” ಎಂದರು.

ಅವನ್ನು ನೋಡಿದ ಡಾಕ್ಟರು ಈಗಿಲ್ಲ. ಆಂಟಿ ಇದ್ದಾರೆ, ಅವರ ಅಡುಗೆಮನೆಯಲ್ಲಿ ಈಳಿಗೆಮಣೆ ಈಗ ಎರಡು.