ಹಾಯಿಗೆ ಹೊಚ್ಚಿದ ಕೌದಿ

ನಮ್ಮ ಯಜಮಾನರು ತೀರಿಕೊಳ್ಳುವ ಹಿಂದಿನ ದಿನ ನಮ್ಮ ಮನೆಯಲ್ಲಿ ವಿಶೇಷವೇನೂ ನಡೆಯಲಿಲ್ಲ. ಮಾಳಿಗೆಯ ಮೇಲೆ ಹಳೆಯ ಹಾಯಿಯನ್ನು ಬಿಸಿಲಿಗೆ ಹರಡಿದ್ದೆವು. ವರ್ಷಕ್ಕೊಮ್ಮೆ ಅದನ್ನು ಒಣಗಿಸಿ, ಮಡಿಕೆಗಳ ನಡುವೆ ಹೊಸ ಬೇವಿನೆಲೆ ಹಾಕಿ, ಮತ್ತೆ ಟ್ರಂಕಿನಲ್ಲಿಡುವುದು ನಮ್ಮ ರೂಢಿ. ಮಡಿಚುವಾಗ ಒಂದು ತುದಿ ನನ್ನದು, ಇನ್ನೊಂದು ಅವರದು.

"ಜಗ್ಗಿ ಹಿಡಿ. ಸುಕ್ಕು ಬೀಳಾಕತ್ತದ," ಎಂದರು.

"ನನ್ನ ಮಾರಿಗೇ ಸುಕ್ಕು ಬಿದ್ದಾವ, ಹಾಯೀದೇನ್ ಹೇಳ್ತೀರಿ," ಎಂದೆ.

ಅಷ್ಟೇ. ಮರುದಿನ ಬೆಳಿಗ್ಗೆ ಅವರು ಏಳಲಿಲ್ಲ.

ವರ್ಷದ ಮೇಲೆ ಇಂದು ಟ್ರಂಕು ತೆರೆದಾಗ ಒಣಬೇವಿನ ಕಹಿ ವಾಸನೆ ಬಂತು. ಕಲ್ಲುಗಣಿಯ ಶಹಾಬಾದಿಗೆ ಹಾಯಿ ಎಲ್ಲಿಂದ ಬಂತೆಂದು ನೀವು ಕೇಳಬಹುದು. ನಿಜಾಮರ ಕಾಲ ಅದು. ನಮ್ಮವರು ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ಮುನ್ಶಿ. ಅಲ್ಲಿಯ ಪರದೇಶಿ ಸಾಹೇಬರೊಬ್ಬರು ಊರು ಬಿಡುವಾಗ ಕಾಗಿಣಾ ಹೊಳೆಯ ದಂಡೆಯಲ್ಲಿ ತಮ್ಮ ದೋಣಿಯನ್ನು ಇವರಿಗೆ ಬಿಟ್ಟುಹೋದರು. ಅದರ ಹಾಯಿ ಚಿಂದಿಯಾಗಿತ್ತು. ಮಾದರಪಾಟದ ದಪ್ಪ ಬಟ್ಟೆ ತರಿಸಿ ನಾನೇ ಹೊಸದು ಹೊಲಿದೆ. ಮೊದಲ ಸಲ ಅದು ಲಂಗದ ಹಾಗೆ ನೆರಿಗೆ ನೆರಿಗೆಯಾಗಿ ಬಂತು. ಬಿಚ್ಚಿ ಮತ್ತೆ ಹೊಲಿದೆ.

ದೋಣಿ ನಡೆಸುವುದಕ್ಕಿಂತ ಹಾಯಿಯನ್ನು ಕಾಪಾಡುವುದರಲ್ಲಿ ಅವರಿಗೆ ಹೆಚ್ಚು ಶ್ರದ್ಧೆ. ದಂಡೆಗೆ ಬಂದೊಡನೆ ಕೆಸರು ತೊಳೆದು, ಒಣಗಿಸಿ, ಕೆಳಗಿನ ಅಡ್ಡದಂಡದ ಮೇಲೆ ಮಡಿಕೆ ಮಡಿಕೆಯಾಗಿ ಇಳಿಸಿ ಕಟ್ಟಬೇಕು. ಮುಚ್ಚಲು ಮೇಲೊಂದು ಖೋಳ ಬೇಕು. ನಮ್ಮ ಬಿಸಿಲಿಗೆ ಬಂಡೆಯೇ ಸೀಳುತ್ತದೆ, ಬಟ್ಟೆ ಎಷ್ಟು ದಿನ ತಾಳೀತು?

ಖೋಳದ ಕೆಲಸ ಅತ್ತೆಯವರಿಗೆ ಬಿತ್ತು. ಅವರಿಗೆ ಗೊತ್ತಿದ್ದದ್ದು ಕೌದಿ. ಹಳೆಯ ಸೀರೆಗಳನ್ನು ಕೂಡಿಸಿ ಉದ್ದನೆಯದೊಂದು ಕೌದಿ ಹೊಲಿದು, ಬಿಗಿದು ಕಟ್ಟಲು ಅಂಚಿಗೆ ಕಸಿ ಹಚ್ಚಿಕೊಟ್ಟರು. ಹುಣಸೆಮರದ ಕೆಳಗೆ ಬಣ್ಣಬಣ್ಣದ ಕೌದಿ ಹೊದ್ದ ದೋಣಿಯನ್ನು ನೋಡಿ ಅಂಬಿಗರ ಮುದುಕ ನಕ್ಕದ್ದೇ ನಕ್ಕದ್ದು.

"ಏನ್ರಿ ಮುನ್ಶಿಯವ್ರ, ಕೌದಿ ಹೊಚ್ಚಿ ಮಲಗಿಸೀರಿ. ಜೋಗುಳ ಹಾಡಿದ್ರಿಲ್ಲೋ?"

ಮಾವನವರಿಗೆ ಮಾತ್ರ ನಗು ಬರಲಿಲ್ಲ. ಮಗ ಎಲ್ಲಿ ಮುಳುಗುತ್ತಾನೋ ಎಂಬ ಭಯ ಅವರ ಬಾಯಲ್ಲಿ ಸಿಟ್ಟಾಗಿ ಬರುತ್ತಿತ್ತು. ಕಾರಹುಣ್ಣಿಮೆಯ ಊಟದ ಹೊತ್ತಿಗೆ ಅವರು ತೀರ್ಮಾನ ಹೇಳಿದರು:

"ನಾಳಿಗಿ ಹುಟ್ಟು ಹಚ್ಚಲಾರ್ದ, ದೋಣಿ ಕೆಳಗಿನ ಘಟ್ಟದಿಂದ ಮ್ಯಾಲಿನ ಘಟ್ಟಕ್ಕ ತಾ. ತಂದ್ಯೋ, ದೋಣಿ ನಿಂದು. ಇಲ್ಲಾ, ಒಡದು ಒಲಿಗಿ ಹಾಕ್ತೀನಿ."

ನೀರಿಗೆ ಎದುರಾಗಿ, ಬರೀ ಗಾಳಿಯಿಂದ! ನಮ್ಮವರು ಹೋಳಿಗೆ ಮುರಿಯುತ್ತಾ, "ಆಗ್ಲಿ ಅಪ್ಪಾ," ಎಂದರು. ಹೊಳೆ ಪಡುವಣಕ್ಕೆ ಹರಿಯುತ್ತದೆ, ಮಳೆಗಾಲದ ಗಾಳಿ ಪಡುವಣದಿಂದ ಬೀಸುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಅವರಿಗೆ ಗೊತ್ತಿಲ್ಲದ್ದು ಬೇರೆ ಇತ್ತು. ಬೆಳಿಗ್ಗೆ ಖೋಳ ಬಿಚ್ಚಿದರೆ ಹಾಯಿಯ ನಡುವೆ ತಲೆ ತೂರುವಷ್ಟು ತೂತು! ಇಲಿ ಕಡಿದಿತ್ತು. ಖೋಳದ ಮೂಲೆಯೂ ಹರಿದಿತ್ತು. ಅಲ್ಲಿಂದ ಹೋಳಿಗೆಯ ಚೂರು ಉದುರಿತು. ನಾನು ಅತ್ತೆಯವರ ಮುಖ ನೋಡಿದೆ.

"ಹಬ್ಬದ ದಿನ ಹಸದ ಕೌದಿ ಹೊಚ್ಚಬಾರದವ್ವಾ," ಎಂದರು ಮೆಲ್ಲಗೆ. "ನಿನ್ನಿ ಸಂಜಿಗಿ ಬಂದು ಅದರ ಹೊಟ್ಟಿ ತುಂಬಿಸಿದ್ದೆ."

ಹೊಸ ಕೌದಿಯ ಮೂಲೆಯಲ್ಲಿ ಹೋಳಿಗೆ ಇಟ್ಟು ಹೊಲಿಯುವುದು ಅವರ ತವರಿನ ಪದ್ಧತಿ. ದೋಣಿಯ ಕೌದಿಯಾದರೇನು, ಕೌದಿ ಕೌದಿಯೇ.

ಮಾವನವರು ಕೊಡಲಿ ಎಲ್ಲಿದೆ ಎಂದು ಕೇಳಿದರು. ಅತ್ತೆ ಅತ್ತ ತಿರುಗಿಯೂ ನೋಡಲಿಲ್ಲ. ಉಟ್ಟ ಸೀರೆಯ ಕೆಂಪು ಸೆರಗನ್ನು ಹಲ್ಲಿನಿಂದ ಕಚ್ಚಿ ಪರ್‍ರನೆ ಹರಿದರು. "ಹೊಟ್ಟಿ ತುಂಬಿಸಿದಾಕಿ ನಾನು, ಹೊಲಿಯಾಕಿನೂ ನಾನ. ಸೂಜಿ ತಾ ಹುಡುಗಿ!" ದಂಡೆಯ ಮೇಲೆ ಕೂತು ಇಬ್ಬರೂ ತೇಪೆ ಹಚ್ಚಿದೆವು.

ನಮ್ಮವರು ಹುಟ್ಟನ್ನು ಅಪ್ಪನ ಕೈಗೇ ಕೊಟ್ಟು, ಹರಿವಿನಲ್ಲಿ ದೋಣಿ ತೇಲಿಸಿಕೊಂಡು ಕೆಳಗಿನ ಘಟ್ಟಕ್ಕೆ ಹೋದರು. ಎಷ್ಟೋ ಹೊತ್ತು ತಿರುವಿನಲ್ಲಿ ಏನೂ ಕಾಣಲಿಲ್ಲ. ಆಮೇಲೆ ಜಾಲಿಗಿಡಗಳ ಮೇಲೆ ಒಂದು ಕೆಂಪು ಚುಕ್ಕೆ ಕಂಡಿತು. ಅದು ದೊಡ್ಡದಾಯಿತು, ಅದರ ಸುತ್ತ ಬಿಳಿ ಹಾಯಿ ಉಬ್ಬಿತು. ನೀರು ಕೆಳಗೆ ಹೋಗುತ್ತಿದೆ, ದೋಣಿ ಮೇಲೆ ಬರುತ್ತಿದೆ! ಅಂಬಿಗರು ಸಿಳ್ಳೆ ಹಾಕಿದರು. ಮಾವನವರು ಹುಟ್ಟನ್ನೇ ಬಾವುಟದಂತೆ ಬೀಸುತ್ತಾ, "ಬಾ ಮಗನ, ಬಾ!" ಎಂದು ಮೊಣಕಾಲುದ್ದ ನೀರಿಗೆ ಇಳಿದಿದ್ದರು. ದೋಣಿ ದಂಡೆ ಮುಟ್ಟಿದಾಗ ಅವರು ಆಡಿದ ಮೊದಲ ಮಾತು ನನಗೆ:

"ಏನ್ ನೋಡಾಕತ್ತಿ? ಲಗೂ ಖೋಳ ಹಾಕ್ರಿ, ಹಾಯಿಗಿ ಬಿಸಿಲು ಬಡೀತದ!"

ಆ ದಿನ ಅತ್ತೆಯವರು ಹರಿದ ಸೆರಗಿನಲ್ಲೇ ಊರ ನಡುವೆ ನಡೆದು ಮನೆಗೆ ಬಂದರು. ಪಟ್ಟೆಸೀರೆ ಉಟ್ಟವರೂ ಅಷ್ಟು ಠೀವಿಯಿಂದ ನಡೆದದ್ದನ್ನು ನಾನು ಕಂಡಿಲ್ಲ.

ದೋಣಿ ಎಂದೋ ಕೊಳೆತು ಲಡ್ಡಾಯಿತು. ಹಾಯಿ ಗಟ್ಟಿಯಾಗಿದೆ, ಕೆಂಪು ತೇಪೆಯ ಒಂದು ಹೊಲಿಗೆಯೂ ಬಿಟ್ಟಿಲ್ಲ. ಇಂದು ಮಾಳಿಗೆಯ ಮೇಲೆ ಅದನ್ನು ಹರಡಿದಾಗ, ಅಳುತ್ತೇನೆಂದುಕೊಂಡವಳು ಹೆಮ್ಮೆಯಿಂದ ನಿಂತೆ. ಸಂಜೆ ಮಡಿಚಲು ಒಂದು ತುದಿಯನ್ನು ಮಾಳಿಗೆಯ ಕೋಣೆಯ ಕಿಟಕಿ ಸರಳಿಗೆ ಕಟ್ಟಿಕೊಂಡೆ. ಬೇವಿನೆಲೆ ಹಾಕಿದೆ, ಅತ್ತೆಯವರ ಕೌದಿ ಹೊಚ್ಚಿದೆ. ಕೆಲಸ ಚೆನ್ನಾಗಿಯೇ ಆಯಿತು.

ಸುಕ್ಕು ಬಿತ್ತೆಂದು ಬೈಯುವವರು ಇಲ್ಲ.