ಉಳಿದ ಉಲ್ಲನ್ನಿನ ಕುಲಾವಿ

ನಮ್ಮ ವಳಸಂಗಕ್ಕೆ ಚಳಿ ಬರುವುದು ಬೀಗರ ಹಾಗೆ: ಬಂದದ್ದು ಗೊತ್ತಾಗುವಷ್ಟರಲ್ಲಿ ಹೊರಟು ನಿಂತಿರುತ್ತದೆ. ಅಂಥ ಊರಿನಲ್ಲಿ ಕುಳಿತು ನಾನು ಒಂದು ಟ್ರಂಕಿನ ತುಂಬ ಉಲ್ಲನ್ ಕೂಡಿಹಾಕಿದ್ದೆ. ಆ ಟ್ರಂಕು ಅತ್ತೆಗೆ ಹಪ್ಪಳ ಇಡಲು ಬೇಕಾಗಿತ್ತು. ಇದ್ದದ್ದು ಮುಗಿಯುವತನಕ ಹೊಸ ಉಂಡೆ ತರುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟೆ. ಆಮೇಲೆ ಮನೆಯಲ್ಲಿ ಬೆತ್ತಲೆ ವಸ್ತು ಒಂದೂ ಉಳಿಯಲಿಲ್ಲ. ರಿಮೋಟಿಗೆ ಅಂಗಿ, ನಲ್ಲಿಗೆ ಟೊಪ್ಪಿಗೆ, ಆಡಿಗೆ ಕೊರಳಪಟ್ಟಿ, ಗಂಡನ ಗಾಡಿಯ ಎರಡೂ ಕನ್ನಡಿಗೆ ಮುಸುಕು. ಆ ಪುಣ್ಯಾತ್ಮ ಮುಸುಕು ತೆಗೆಯದೆಯೇ ಜತ್ತಕ್ಕೆ ಹೋಗಿ ಬಂದ.

“ಇನ್ನ ನನಗೊಂದ ಚೀಲಾ ಹೆಣದ ಬಿಡವಾ, ಒಳಗ ಕುಂದರ್ತೇನಿ,” ಎಂದರು ಅತ್ತೆ.

ಒಂದು ಉಂಡೆಯನ್ನು ಮಾತ್ರ ನಾನು ಮುಟ್ಟಿರಲಿಲ್ಲ. ಅರಿಶಿನ ಬಣ್ಣದ್ದು, ತಮ್ಮನಿಗೆ ಹೆಣೆದ ಸ್ವೆಟರಿನಲ್ಲಿ ಉಳಿದದ್ದು. ಆ ಸ್ವೆಟರಿನ ಬಲಗೈ ಗೇಣುದ್ದ ಹೆಚ್ಚಾಗಿತ್ತು. “ಅಕ್ಕಾ, ಇದನ್ನ ಹಾಕ್ಕೋಬೇಕಂದ್ರ ಒಂದ ಕೈ ಮಂಗ್ಯಾಂದ ಬೇಕು,” ಎಂದಿದ್ದ. ಅದಕ್ಕೆ ನಾನೂ ನಕ್ಕಿದ್ದೆ. ಮುಂದಿನ ಸಲ ತವರುಮನೆ ಮುಚ್ಚಂಡಿಗೆ ಹೋದಾಗ ಅದನ್ನು ಟ್ರ್ಯಾಕ್ಟರಿನ ಸೀಟಿಗೆ ಬಿಗಿದು ಅದರ ಮೇಲೆ ಕುಳಿತಿದ್ದ. ಉದ್ದನೆಯ ತೋಳು ಗಂಟು ಹಾಕಲು ಬಹಳ ಅನುಕೂಲವಾಗಿತ್ತಂತೆ. ಆವತ್ತು ನಾನು ಬೈದ ಬೈಗುಳವನ್ನು ಇಲ್ಲಿ ಬರೆಯಲಾರೆ. ಎರಡು ವರ್ಷ ಮಾತು ನಿಂತಿತು. ನನಗೆ ಸಿಟ್ಟಿತ್ತು, ನಿಜ. ಆದರೆ ಸಿಟ್ಟಿಗಿಂತ ಹೆಚ್ಚಾಗಿ ಅವನ ನೆನಪು ಕಾಡುತ್ತಿತ್ತು.

ಅಷ್ಟರಲ್ಲಿ ಅವನಿಗೆ ಮಗಳು ಹುಟ್ಟಿದಳು. ನಮ್ಮಲ್ಲಿ ಸೋದರತ್ತೆ ತಲೆಗೆ ಕುಲಾವಿ ತೊಡಿಸದೆ ಕೂಸನ್ನು ತೊಟ್ಟಿಲಿಗೆ ಹಾಕುವುದಿಲ್ಲ. ಫೋನು ಮಾಡಿದವಳು ಅವನ ಹೆಂಡತಿ. “ನೀವ ಬರಬೇಕ್ರಿ ಅಕ್ಕಾರ. ಇವರು ಬ್ಯಾಡ ಅಂದಿಲ್ಲ, ಸುಮ್ಮ ಕುಂತಾರ.”

ಹೋಗಬೇಕು, ಹೋಗಿ ಅವನಿಗೆ ಚುಚ್ಚಲೂಬೇಕು. ಅದೇ ಅರಿಶಿನ ಉಂಡೆ ತೆಗೆದು ಕುಳಿತೆ. ಅಳತೆಗೆ ಕೂಸು ಕೈಯಲ್ಲಿಲ್ಲವಲ್ಲ, ತಂಬಿಗೆಯನ್ನು ಬೋರಲು ಹಾಕಿ ಅದರ ಮೇಲೆ ಹೆಣೆದೆ. ತಂಬಿಗೆ ದೊಡ್ಡದು ಎಂದು ಹೊಳೆದದ್ದು ಒಂದು ಕಿವಿ ಮುಗಿದು ಉಲ್ಲನ್ನೂ ಮುಗಿದ ಮೇಲೆ. ಇನ್ನೊಂದು ಕಿವಿ ಇಲ್ಲ, ಗದ್ದದ ಕೆಳಗೆ ಕಟ್ಟುವ ದಾರವೂ ಇಲ್ಲ. ಟ್ರಂಕಿನಲ್ಲಿ ಉಳಿದದ್ದು ಬರೀ ಕಪ್ಪು. ಚಲೋ ಬಣ್ಣವನ್ನೆಲ್ಲ ಆಡಿಗೂ ನಲ್ಲಿಗೂ ಉಡಿಸಿ ಮುಗಿಸಿದವಳು ನಾನೇ. ಅತ್ತೆಗೆ ಕೊಟ್ಟ ಮಾತು ಮುರಿದು ಜತ್ತದ ಅಂಗಡಿಗೂ ಹೋದೆ. “ಆ ಬಣ್ಣ ಬರೂದ ಬಂದ್ ಆಗೇತ್ರಿ,” ಎಂದ ಅಂಗಡಿಯವ.

ಒಂಟಿ ಕಿವಿಯ ಕುಲಾವಿಯನ್ನೇ ಹೆಣಿಗೆಯ ಸೂಜಿಸಮೇತ ಚೀಲದಲ್ಲಿಟ್ಟುಕೊಂಡು ಮುಚ್ಚಂಡಿಗೆ ಹೋದೆ. ತೊಟ್ಟಿಲ ಸುತ್ತ ಕುಳಿತ ಹೆಂಗಸರು ಅದನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಕಟ್ಟಲು ಬಾರದ ಕುಲಾವಿ ನಡೆಯುವುದಿಲ್ಲ ಎಂದಳು ಒಬ್ಬ ಮುದುಕಿ. ಕಾಕಾನ ಮಗಳು ಬಜಾರಿನ ಗುಲಾಬಿ ಟೊಪ್ಪಿಗೆ ಹಿಡಿದು ತಯಾರಾಗಿಯೇ ಬಂದಿದ್ದಳು. ಅವಳೂ ಕೂಸಿಗೆ ಸೋದರತ್ತೆಯೇ, ಅವಳು ತೊಡಿಸಿದರೂ ಆದೀತು ಎಂಬ ಮಾತು ಎದ್ದಿತು. ನನಗೆ ಅಳು ಬಂತು. ಇಷ್ಟು ವರ್ಷ ಬಾಯಿ ಮಾಡಿದವಳು ಕುಲಾವಿಯನ್ನು ಇಸಕೊಂಡು ಮತ್ತೆ ಚೀಲಕ್ಕೆ ಹಾಕಿದೆ.

ಬಾಗಿಲಲ್ಲಿ ನಿಂತಿದ್ದ ತಮ್ಮ ಹೊರಗೆ ಹೋದ. ಬಂದವನು ಟ್ರ್ಯಾಕ್ಟರ್ ಸೀಟಿನ ಸ್ವೆಟರನ್ನು ನನ್ನ ಉಡಿಯಲ್ಲಿ ಹಾಕಿದ. ಡೀಸೆಲ್ ವಾಸನೆಗೆ ಪಕ್ಕದವಳು ಸರಿದು ಕುಳಿತಳು.

“ಬೇಕಾದಷ್ಟ ಬಿಚ್ಚಕೋ ಅಕ್ಕಾ. ಪೂರಾ ಹಾಳ ಮಾಡಬ್ಯಾಡ,” ಎಂದ.

ಭುಜದಿಂದ ಕೆಳಗೆ ಹೆಣೆದ ತೋಳು ಅದು, ಮುಂಗೈಯಿಂದ ಸರಸರ ಬಿಚ್ಚಿಕೊಂಡಿತು. ಉದ್ದನೆಯ ಬಲಗೈಯನ್ನೇ ಬಿಚ್ಚುತ್ತ ಹೋದೆ, ಅಲ್ಲೇ ಕುಳಿತು ಕಿವಿ ಹೆಣೆದೆ, ದಾರ ಹೊಸೆದೆ. ಹೆಂಗಸರು ಊಟ ತಡವಾಯಿತೆಂದು ಗೊಣಗಿದರು, ಗೊಣಗಲಿ. ಕುಲಾವಿ ತೊಡಿಸಿದರೆ ಕೂಸಿನ ಮೂಗಿನವರೆಗೆ ಇಳಿಯಿತು. ತಂಬಿಗೆಯ ವಿಷಯ ನಾನು ಬಾಯಿ ಬಿಡಲಿಲ್ಲ.

ತುದಿ ಬಿಗಿದು ಸ್ವೆಟರ್ ಎತ್ತಿ ಹಿಡಿದೆ. ಎರಡೂ ತೋಳು ಸಮನಾಗಿದ್ದವು. ತಮ್ಮ ಅದನ್ನು ಇಸಕೊಂಡು, ಆ ಉರಿಬಿಸಿಲಿನಲ್ಲಿ ಅಂಗಿಯ ಮೇಲೆ ತೊಟ್ಟುಕೊಂಡು, ಬಂದವರಿಗೆಲ್ಲ ಊಟ ಬಡಿಸಿದ. ಬೆವರು ಇಳಿಯುತ್ತಿತ್ತು, ಕೊನೆಯ ಪಂಕ್ತಿ ಏಳುವತನಕ ಅವನು ಅದನ್ನು ತೆಗೆಯಲಿಲ್ಲ.