ಕುಂದಾಪ್ರ ಬದಿ, ನಾವುಂದ ಬದಿ

ಅವರ ಎಡ ಮುಂಗೈಯ ರೋಮಗಳ ನಡುವೆ ಹಿತ್ತಾಳೆಯ ಚೂರುಗಳು ಸದಾ ಮಿನುಗುತ್ತಿದ್ದವು. ಮಿಂದು ಬಂದರೂ ಒಂದೆರಡು ಉಳಿದಿರುತ್ತಿದ್ದವು. ಮದುವೆ ಊಟದ ಸಾಲಿನಲ್ಲಿ ಪಕ್ಕದವರು ಚೂರು ಉದುರೀತೆಂದು ತಮ್ಮ ಎಲೆಯನ್ನು ಮೆಲ್ಲಗೆ ಆಚೆ ಎಳೆದುಕೊಂಡದ್ದನ್ನು ನಾನೇ ನೋಡಿದ್ದೇನೆ. ಮುಂಬೈಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೋಹ ಕಡೆಯುವ ಲೇತ್ ನಡೆಸಿ ತಲ್ಲೂರಿಗೆ ಮರಳಿದ ಅವರನ್ನು ನಾವೆಲ್ಲ ಕರೆಯುತ್ತಿದ್ದದ್ದು ಲೇತಿನ ಮಾವ ಎಂದು.

ನನ್ನ ಅಮ್ಮ ಮನೆ ಮನೆಗೆ ಮೀನು ಹೊತ್ತು ಮಾರಿದವಳು. ನಮ್ಮ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದವರೇ ಇರಲಿಲ್ಲ. ನನಗೆ ಮೆಕ್ಯಾನಿಕಲ್ ಸೀಟು ಸಿಕ್ಕಾಗ, ಹೆಣ್ಣಿಗೆ ಕಬ್ಬಿಣದ ಓದು ಏಕೆ ಎಂದವರೇ ಹೆಚ್ಚು. ಮಾವ ಬುಟ್ಟಿಯಲ್ಲಿ ಬಂಗುಡೆ ಆರಿಸುತ್ತ ಅಮ್ಮನಿಗೆ ಹೇಳಿದರು: "ಮೆಷಿನಿಗೆ ಗಂಡ್ ಹೆಣ್ಣ್ ಗೊತ್ತಾತಿಲ್ಲೆ. ಅಳತೆ ಸಮ ಇತ್ತಾ, ಅಷ್ಟೇ ಕಾಂಬುದ್ ಅದ್. ಕಳ್ಸ್."

ಅಮ್ಮ ಕಳಿಸಿದಳು. ನಾನು ಎಂಜಿನಿಯರ್ ಆದೆ, ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವವಳಾದೆ. ಈ ಮಾತನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಮಾವನ ಶೆಡ್ಡಿನಲ್ಲಿ ಹವ್ಯಾಸಕ್ಕೆಂದು ಕೊಂಡ ಪುಟ್ಟ ಮಿಲ್ಲಿಂಗ್ ಮೆಷಿನ್ ಇತ್ತು. ಮೇಲೆ ಲೋಹ ಕೆರೆಯುವ ಕಟ್ಟರ್ ನಿಂತಲ್ಲೇ ತಿರುಗುತ್ತದೆ. ಕೆಳಗೆ ಕಬ್ಬಿಣದ್ದೋ ಹಿತ್ತಾಳೆಯದ್ದೋ ತುಂಡನ್ನು ಬಿಗಿದ ಮೇಜು ಎಡಕ್ಕೂ ಬಲಕ್ಕೂ ಸರಿಯುತ್ತದೆ. ಆದರೆ ಎಡ, ಬಲ ಎಂಬ ಮಾತೇ ಅವರ ಬಾಯಲ್ಲಿ ಇರಲಿಲ್ಲ. ಮೇಜಿನ ಒಂದು ತುದಿ ನಮ್ಮೂರಿನ ತೆಂಕಣ ಕುಂದಾಪುರದ ಕಡೆಗಿತ್ತು, ಇನ್ನೊಂದು ಬಡಗಣ ನಾವುಂದದ ಕಡೆಗೆ. "ಒಂಚೂರ್ ನಾವುಂದ ಬದಿಗೆ ದೂಡ್," ಎನ್ನುವರು. ಅವರ ನಾವುಂದ ಕಾಲು ಮಿಲಿಮೀಟರ್ ದೂರದಲ್ಲಿರುತ್ತಿತ್ತು.

ಮೇಜು ಸರಿಸುವ ಹಿಡಿಕೆಯನ್ನು ಒಂದೇ ಹದದಲ್ಲಿ ತಿರುಗಿಸಬೇಕು. ಒಂದು ವರ್ಷ ಅವರ ಬಲ ಭುಜ ಹಿಡಿದುಕೊಂಡಿತು, ಹದ ತಪ್ಪಿತು. ಇನ್ನು ಹಿಡಿಕೆ ಮುಟ್ಟಬೇಡಿ ಎಂದರು ಡಾಕ್ಟರು. ಮುಂಬೈಯಿಂದ ಬಂದ ಮಗ ಮೆಷಿನ್ ಮಾರಲು ಹೊರಟ.

"ಅಪ್ಪಯ್ಯ, ಭುಜ ಬೇಕಾ, ಮೆಷಿನ್ ಬೇಕಾ? ಆಯ್ತಾರ ಬ್ರಹ್ಮಾವರದಿಂದ ಒಬ್ರ್ ಕಾಂಬುಕೆ ಬತ್ರ್."

"ಎರಡೂ ಬೇಕ್," ಎಂದ ಮಾವ ನನ್ನತ್ತ ತಿರುಗಿದರು. "ಹೆಣೆ, ನೀನ್ ಕಲ್ತದ್ದ್ ಮತ್ತೆ ಎಂತಕೆ?"

ಹಿಡಿಕೆಯ ಕೆಲಸವನ್ನು ಮೋಟಾರಿಗೆ ವಹಿಸಬೇಕಿತ್ತು. ಹಳೆಯ ಕಾರಿನ ವೈಪರ್ ಮೋಟಾರ್ ತಂದು ಜೋಡಿಸಿದೆ. ವೇಗ ಬದಲಿಸಲು ಒಂದರಿಂದ ಹತ್ತರವರೆಗೆ ಅಂಕಿಯಿರುವ ಗುಂಡಿ ಇಟ್ಟೆ. ಬರೀ ಅಂಕಿಗೆ ಅರ್ಥವಿಲ್ಲ. ಮೇಜಿಗೆ ಸ್ಕೇಲ್ ಅಂಟಿಸಿ, ಗಡಿಯಾರ ನೋಡುತ್ತ, ಯಾವ ಅಂಕಿಗೆ ಅದು ನಿಮಿಷಕ್ಕೆ ಎಷ್ಟು ಸರಿಯುತ್ತದೆಂದು ಬರೆದುಕೊಂಡೆ. ಆಮೇಲೆ ಪುಸ್ತಕದ ಲೆಕ್ಕ. ಕಟ್ಟರ್ ನಿಮಿಷಕ್ಕೆ ಎರಡು ಸಾವಿರ ಸುತ್ತು. ಅದಕ್ಕೆ ಎರಡು ಹಲ್ಲು. ಹಲ್ಲು ಒಂದು ಸಲಕ್ಕೆ ತಿನ್ನಬಹುದಾದದ್ದು ಮಿಲಿಮೀಟರಿನ ನೂರನೇ ಒಂದು ಪಾಲು. ಗುಣಿಸಿದರೆ ನಿಮಿಷಕ್ಕೆ ನಲವತ್ತು ಮಿಲಿಮೀಟರ್. ನನ್ನ ಪಟ್ಟಿಯ ಪ್ರಕಾರ ಗುಂಡಿ ನಾಲ್ಕರಲ್ಲಿರಬೇಕು.

ಶನಿವಾರ ಮಧ್ಯಾಹ್ನ ತಂದೆ ಮಗ ಇಬ್ಬರ ಎದುರು ಗುಂಡಿಯನ್ನು ನಾಲ್ಕಕ್ಕಿಟ್ಟು ಸ್ವಿಚ್ ಹಾಕಿದೆ. ನಾವುಂದ ಬದಿಗೆ ಮೇಜು ಸೊಗಸಾಗಿ ಹೋಯಿತು. ಕಟ್ಟರನ್ನು ಮತ್ತೆ ಅಷ್ಟೇ ಆಳಕ್ಕೆ ಇಳಿಸಿ, ಮೋಟಾರಿನ ದಿಕ್ಕು ಬದಲಿಸಿ ಮೇಜನ್ನು ಕುಂದಾಪ್ರ ಬದಿಗೆ ಬಿಟ್ಟೆ. ಕಿರ್ರೆಂದಿತು, ಟಕ್ ಎಂದು ಕಟ್ಟರ್ ಮುರಿಯಿತು. ಆ ಅಳತೆಯದು ಇದ್ದದ್ದು ಅದೊಂದೇ.

"ನಾ ಹೇಳ್ಲಿಲ್ಯಾ?" ಎಂದ ಮಗ. ನನಗೆ ಅಳುವೇ ಬಂದಿತ್ತು.

ಮಾವ ಮುರಿದ ತುಂಡನ್ನು ಅಂಗೈಯಲ್ಲಿಟ್ಟು ನೋಡಿದರು. "ಮುಂಬೈಯೆಗೆ ಮೊದಲ್ನೇ ವಾರ ನಾನ್ ಒಂಬತ್ತ್ ಮುರ್ದಿದ್ದೆ. ನಿಂದ್ ಇನ್ನೂ ಎಂಟ್ ಬಾಕಿ ಇತ್ತ್." ಆಮೇಲೆ ಕೇಳಿದರು: "ಕಾರಲ್ಲಿ ಈ ಮೋಟಾರ್ ಎರಡೂ ಬದಿ ತಿರ್ಗುದಾ?"

"ಹೌದಲ್ದಾ ಮಾವ, ವೈಪರ್ ಆಚೆ ಈಚೆ ಹೋತಲ್ದಾ?"

"ಕಡ್ಡಿ ಹೋತ್, ಮಾರಾಯ್ತಿ. ಮೋಟಾರ್ ಒಂದೇ ಬದಿ ತಿರ್ಗುದ್. ಉಲ್ಟಾ ತಿರ್ಗಿ ಅದಕ್ಕೆ ಅಭ್ಯಾಸವೇ ಇಲ್ಲೆ. ಎರಡ್ ಬದಿಗೂ ಒಂದೇ ವೇಗ ಹ್ಯಾಂಗೆ ಬಪ್ಪುದ್?"

ಈ ಸಲ ಎರಡೂ ಕಡೆಗೆ ಅಳೆದೆ. ಅದೇ ನಾಲ್ಕರಲ್ಲಿ ನಾವುಂದ ಬದಿಗೆ ನಲವತ್ತು. ಕುಂದಾಪ್ರ ಬದಿಗೆ ಅರವತ್ತೈದು. ನಾನು ಒಂದೇ ಬದಿ ಅಳೆದು ಎರಡಕ್ಕೂ ನಂಬಿದ್ದೆ. ನಾಲ್ಕು ವರ್ಷ ಯಂತ್ರಗಳ ಬಗ್ಗೆ ಓದಿದವಳು.

ಮಾವ ಮೊಣಕೈ ಊರಿ ಕೂತು, ಕಣ್ಣಿಗೆ ಭೂತಕನ್ನಡಿ ಸಿಕ್ಕಿಸಿಕೊಂಡು, ಮುರಿದ ಕಟ್ಟರನ್ನೇ ಸಾಣೆಗೆ ಹಿಡಿದು ಹೊಸ ಹಲ್ಲು ತೆಗೆದರು. ಅದಕ್ಕೆ ಭುಜ ಬೇಕಾಗಲಿಲ್ಲ. ಮೇಜನ್ನು ಖಾಲಿ ಓಡಿಸಿ ಮತ್ತೆ ಪಟ್ಟಿ ಮಾಡಲು ಹೊರಟ ನನ್ನನ್ನು ತಡೆದರು: "ಗಾಳಿಯೆಗೆ ಓಡ್ಸಿ ಬರ್ದದ್ದ್ ಲೆಕ್ಕ ಅಲ್ಲ. ಕಬ್ಬಿಣ ತಿಂಬು ಹೊತ್ತಿಗೆ ಅಳತೆ ಮಾಡ್." ಸಂಜೆಯವರೆಗೆ ನಾನು ಅಳೆದು ಹೇಳಿದೆ, ಅವರು ಬರೆದರು. ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ಎರಡು ಸಾಲು: 'ಕುಂದಾಪ್ರ ಬದಿ', 'ನಾವುಂದ ಬದಿ'.

ಭಾನುವಾರ ಬ್ರಹ್ಮಾವರದವರು ಬಂದಾಗ ಮಾವ ಸ್ವಿಚ್ ಹಾಕಿ, ಕೈಕಟ್ಟಿ ಕೂತು, ಚಾ ತರಿಸಿದರು. ಪಟ್ಟಿ ನೋಡಿ ನಾನು ಗುಂಡಿ ಬದಲಿಸಿದೆ; ಯಾರೂ ಹಿಡಿಕೆ ಮುಟ್ಟದೆ ಮೇಜು ಎರಡೂ ಬದಿಗೆ ಹೋಗಿ ಬಂತು. ಚಾ ಮುಗಿಯುವ ಹೊತ್ತಿಗೆ ಮಗನೇ ಹೇಳಿದ, "ಮೆಷಿನ್ ಕೊಡುದಿಲ್ಲೆ. ಬೇಜಾರ್ ಮಾಡ್ಕಣ್ಬೇಡಿ."

ಮೋಟಾರ್ ಕೂರಿಸಿದ್ದು ಯಾರೆಂದು ಬಂದವರು ಕೇಳಿದರು.

"ನಮ್ಮ ಇಂಜಿನಿಯರ್," ಎಂದರು ಮಾವ. ಅವರು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ನಾನು ಬೀಗುವಷ್ಟು ಸಮಯ ಕೊಟ್ಟು ಸೇರಿಸಿದರು: "ಒಂದೇ ಕಟ್ಟರ್ ಮುರ್ದದ್ದ್."

ಆಮೇಲೆ ನಾಲ್ಕು ವರ್ಷ ಆ ಮೆಷಿನ್ ನಿಲ್ಲಲಿಲ್ಲ, ಅವರ ಮುಂಗೈಯ ಮಿನುಗೂ ಮಾಸಲಿಲ್ಲ. ಕಳೆದ ಮಳೆಗಾಲದಲ್ಲಿ ಮಾವ ತೀರಿಕೊಂಡರು. ಅಪ್ಪಯ್ಯ ಹೇಳಿ ಹೋಗಿದ್ದಾರೆ ಎಂದು ಮಗನೇ ಮೆಷಿನನ್ನು ಪಟ್ಟಿಯ ಸಮೇತ ನಾಲ್ಕು ಮನೆ ಆಚೆಯ ನಮ್ಮ ಮನೆಗೆ ತಂದ. ಗೋಡೆಗೆ ತಾಗಿಸಿ ಇಟ್ಟ ಮೇಲೆ ಪಟ್ಟಿ ನೋಡಿದೆ. ನಮ್ಮ ಗೋಡೆ ಇರುವುದು ಮಾವನ ಶೆಡ್ಡಿನದಕ್ಕೆ ಎದುರು ದಿಕ್ಕಿಗೆ; ಮೇಜಿನ ಕುಂದಾಪುರದ ತುದಿ ನಾವುಂದದ ಕಡೆಗೆ ಬಂದಿತ್ತು.

"ಪಟ್ಟಿಯೆಗೆ ಹೆಸರ್ ತಿದ್ದಿರೆ ಆತಲ್ದಾ?" ಎಂದ ಮಗ.

ಆಗುತ್ತಿತ್ತು, ಎರಡೇ ಹೆಸರು. ನಾನು ಪೆನ್ನು ತೆಗೆಯಲಿಲ್ಲ. ಇಬ್ಬರೂ ಸೇರಿ ಮೆಷಿನನ್ನೇ ಗೋಡೆಗೆ ಮುಖ ಮಾಡಿ ತಿರುಗಿಸಿದೆವು. ಈಗ ಗೋಡೆಗೂ ಅದಕ್ಕೂ ನಡುವಿನ ಒಂದೂವರೆ ಅಡಿಯಲ್ಲಿ ಬೆನ್ನು ಉಜ್ಜಿಕೊಂಡು ಕೆಲಸ ಮಾಡುತ್ತೇನೆ. ಪಟ್ಟಿ ಸರಿಯಾಗಿದೆ.